ಕೆನಡಾದಲ್ಲಿ ನಿಮ್ಮ ಊರಿನ ಚಾರಿಟಿಗೆ ನೆರವಾಗುವುದು ಹೇಗೆ: ಓದು, ಸಂಸ್ಕೃತಿ, ಪರಿಸರಕ್ಕಾಗಿ ದುಡಿಯುವವರ ಜೊತೆ ನಿಲ್ಲಲು ಒಂದು ಸಮಗ್ರ ಮಾರ್ಗದರ್ಶಿ

ಊರಲ್ಲಿದ್ದಾಗ ಗಣೇಶನ ಹಬ್ಬಕ್ಕೆ ಬೀದಿ ಹುಡುಗರು ರಸೀದಿ ಪುಸ್ತಕ ಹಿಡಿದು ಮನೆಗೆ ಬರುತ್ತಿದ್ದರು. ಐವತ್ತೋ ನೂರೋ ವಂತಿಗೆ ಕೊಟ್ಟರೆ ಸಾಕು. ದುಡ್ಡು ಎಲ್ಲಿ ಹೋಯಿತು ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಮೂರನೇ ದಿನ ಬೀದಿ ಕೊನೆಯಲ್ಲಿ ಪೆಂಡಾಲ್ ಎದ್ದಿರುತ್ತಿತ್ತು, ಕೊಟ್ಟದ್ದು ಕಣ್ಣಿಗೆ ಕಾಣುತ್ತಿತ್ತು.

ಕೆನಡಾಕ್ಕೆ ಬಂದ ಮೇಲೆ ಈ ಎಳೆ ಕಡಿದುಹೋಗುತ್ತದೆ. ಕೊಡುವ ಮನಸ್ಸಿರುತ್ತದೆ, ಕೈಯಲ್ಲಿ ಒಂದಿಷ್ಟು ದುಡ್ಡೂ ಇರುತ್ತದೆ. ಯಾರಿಗೆ ಕೊಡೋದು, ಹೇಗೆ ಕೊಡೋದು ಗೊತ್ತಿರುವುದಿಲ್ಲ. ಕೊನೆಗೆ ಅಂಗಡಿಯ ಕೌಂಟರಿನಲ್ಲಿ ಕಾರ್ಡ್ ಮೆಷಿನ್ ಕೇಳಿದಾಗ ಎರಡು ಡಾಲರ್ ಒತ್ತಿ ಮುಂದೆ ಹೋಗುತ್ತೇವೆ. ನಾನೂ ಬಹಳ ವರ್ಷ ಇದನ್ನೇ ಮಾಡಿದೆ. ಆಮೇಲೆ ಒಂದು ಗ್ರಂಥಾಲಯ, ಒಂದು ಹಳ್ಳದ ದಂಡೆ, ಒಂದು ಸಣ್ಣ ಮ್ಯೂಸಿಯಂ ಹೀಗೆ ಒಂದೊಂದೇ ಜಾಗಕ್ಕೆ ಹೋಗಿ ಬಂದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನಿರುವುದು ಒಂಟಾರಿಯೋದಲ್ಲಿ, ಹಾಗಾಗಿ ಉದಾಹರಣೆಗಳು ಜಾಸ್ತಿ ಇಲ್ಲಿಯವೇ. ತೆರಿಗೆಯ ಕೇಂದ್ರ ನಿಯಮಗಳು ಮಾತ್ರ ದೇಶಕ್ಕೆಲ್ಲ ಒಂದೇ.

ನನ್ನ ಸಲಹೆ ಇಷ್ಟೇ: ಮನೆಗೆ ಹತ್ತಿರದ ಒಂದೋ ಎರಡೋ ಸಂಸ್ಥೆ ಆರಿಸಿಕೊಳ್ಳಿ, ಕಣ್ಣಾರೆ ನೋಡಿ, ಆಮೇಲೆ ವರ್ಷಗಟ್ಟಲೆ ಅವರ ಜೊತೆ ಇರಿ.

ಹಂತ 1: ಚಾರಿಟಿ ಯಾವುದು, ಯಾವುದಲ್ಲ ಅಂತ ತಿಳಿಯಿರಿ

ಕೆನಡಾದಲ್ಲಿ "ನಾವು ಲಾಭಕ್ಕಾಗಿ ನಡೆಸುತ್ತಿಲ್ಲ" ಎನ್ನುವ ಎಲ್ಲ ಸಂಸ್ಥೆಯೂ ಚಾರಿಟಿ ಆಗುವುದಿಲ್ಲ. ನಾನ್‌ ಪ್ರಾಫಿಟ್ ಬೇರೆ, ನೋಂದಾಯಿತ ಚಾರಿಟಿ ಬೇರೆ. ಕ್ರಿಕೆಟ್ ಕ್ಲಬ್ಬು, ಹಬ್ಬ ಮಾಡುವ ಸಂಘ ಇಂಥವು ನಾನ್‌ ಪ್ರಾಫಿಟ್ ಆಗಿರಬಹುದು. ಅವು ಒಳ್ಳೆಯ ಕೆಲಸವನ್ನೇ ಮಾಡುತ್ತಿರಬಹುದು. ಆದರೆ ತೆರಿಗೆ ವಿನಾಯಿತಿಯ ರಸೀದಿ ಕೊಡಲು ಅವಕ್ಕೆ ಅಧಿಕಾರ ಇಲ್ಲ. ಆ ಅಧಿಕಾರ ಕೇಂದ್ರದ ತೆರಿಗೆ ಇಲಾಖೆಯಾದ ಕೆನಡಾ ರೆವೆನ್ಯೂ ಏಜೆನ್ಸಿಯಲ್ಲಿ, ಅಂದರೆ ಸಿಆರ್‌ಎಯಲ್ಲಿ, ನೋಂದಣಿ ಆದ ಚಾರಿಟಿಗಳಿಗೆ ಇದೆ. ಊರಿನ ಮುನಿಸಿಪಾಲಿಟಿಯಂಥ ಇನ್ನು ಕೆಲವಕ್ಕೂ ಇದೆ.

ದೇಶದಲ್ಲಿ ಇಂಥ ನೋಂದಾಯಿತ ಚಾರಿಟಿಗಳು 85 ಸಾವಿರಕ್ಕೂ ಜಾಸ್ತಿ. ಪ್ರತಿಯೊಂದಕ್ಕೂ ಒಂದು ನಂಬರ್ ಇರುತ್ತದೆ: ಮೊದಲು ಒಂಬತ್ತು ಅಂಕಿ, ನಡುವೆ "ಆರ್‌ಆರ್" ಎಂಬ ಎರಡು ಇಂಗ್ಲಿಷ್ ಅಕ್ಷರ, ಕೊನೆಗೆ ನಾಲ್ಕು ಅಂಕಿ. ಈ ನಂಬರ್ ಕೇಳಿ. ಕೇಳಲು ಸಂಕೋಚ ಬೇಡ, ನಿಜವಾದವರು ತಕ್ಷಣ ಹೇಳುತ್ತಾರೆ. ಆಮೇಲೆ ಸಿಆರ್‌ಎ ವೆಬ್‌ಸೈಟಿನ ಚಾರಿಟಿಗಳ ಪಟ್ಟಿಯಲ್ಲಿ ಹುಡುಕಿ. ಹೆಸರಿನ ಮುಂದೆ ನೋಂದಣಿ ಈಗಲೂ ಇದೆಯೋ ರದ್ದಾಗಿದೆಯೋ ಅಂತ ಕಾಣಿಸುತ್ತದೆ. ಇದಕ್ಕೆ ಎರಡು ನಿಮಿಷ ಸಾಕು.

ಒಂದು ಚಳಿಗಾಲದ ಸಂಜೆ ಬಾಗಿಲಿಗೆ ಬಂದವರೊಬ್ಬರು ಮಕ್ಕಳ ಓದಿನ ಹೆಸರು ಹೇಳಿದರು. ಅವರು ಹೊರಗೆ ನಡುಗುತ್ತಾ ನಿಂತಿದ್ದು ನೋಡಲಾಗದೆ ಅಲ್ಲೇ ಕಾರ್ಡ್ ಕೊಟ್ಟೆ. ಆಮೇಲೆ ಪಟ್ಟಿಯಲ್ಲಿ ಹುಡುಕಿದರೆ ಆ ಹೆಸರೇ ಇರಲಿಲ್ಲ. ಹೋದ ದುಡ್ಡಿಗಿಂತ, ಅದು ಯಾವ ಮಗುವಿಗೂ ಸಿಕ್ಕಿರಲಾರದು ಅನ್ನುವುದೇ ನೋವು ಕೊಟ್ಟಿತು. ಅಂದಿನಿಂದ ಬಾಗಿಲಲ್ಲಾಗಲಿ ಫೋನಿನಲ್ಲಾಗಲಿ ಕೊಡುವುದಿಲ್ಲ. "ನಿಮ್ಮ ನೋಂದಣಿ ನಂಬರ್ ಕೊಡಿ, ನೋಡಿಕೊಂಡು ನಾನೇ ಕೊಡುತ್ತೇನೆ" ಎನ್ನುತ್ತೇನೆ. ಅವಸರ ಮಾಡುವವರನ್ನು ಅಲ್ಲಿಗೇ ಬಿಡಿ.

ಇನ್ನೊಂದು ಬಲೆ ಇದೆ, ನಮ್ಮ ಜನರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. "ನೀವು ಸಾವಿರ ಡಾಲರ್ ಕೊಡಿ, ನಾವು ನಾಲ್ಕು ಸಾವಿರದ ರಸೀದಿ ಕೊಡುತ್ತೇವೆ" ಅಂತ ಯಾರಾದರೂ ಹೇಳಿದರೆ ಅದು ಮೋಸ. ಹೇಳಿದವರು ಎಷ್ಟೇ ಹತ್ತಿರದವರಾಗಿರಲಿ, ಹತ್ತಿರ ಸುಳಿಯಬೇಡಿ. ಸಿಆರ್‌ಎ ಆ ರಸೀದಿಯನ್ನು ತಿರಸ್ಕರಿಸಿದಾಗ ಬಡ್ಡಿ ಸಮೇತ ಕಟ್ಟಬೇಕಾದವರು ನೀವೇ.

ಹಂತ 2: ನಡೆದು ಹೋಗುವಷ್ಟು ಹತ್ತಿರ ಹುಡುಕಿ

ದೊಡ್ಡ ಹೆಸರಿನ ರಾಷ್ಟ್ರೀಯ ಸಂಸ್ಥೆಗಳಿಗೆ ಜಾಹೀರಾತು ಇದೆ, ಕಂಪನಿಗಳ ಬೆಂಬಲ ಇದೆ. ನಿಮ್ಮ ಬೀದಿಯಾಚೆಯ ಗ್ರಂಥಾಲಯದ ಗೆಳೆಯರ ಬಳಗಕ್ಕೆ ಅದ್ಯಾವುದೂ ಇಲ್ಲ. ನೀವು ತಿಂಗಳಿಗೆ ಕೊಡುವ 20 ಡಾಲರ್ ಅಲ್ಲಿ ಎದ್ದು ಕಾಣುತ್ತದೆ.

ಹುಡುಕಲು ನಾನು ಮಾಡುವುದು ಹೀಗೆ. ಮೊದಲು ಗ್ರಂಥಾಲಯದ ನೋಟಿಸ್ ಬೋರ್ಡ್. ಊರಲ್ಲಿ ಯಾರ್ಯಾರು ಏನೇನು ಮಾಡುತ್ತಿದ್ದಾರೆ ಅನ್ನುವುದು ಇವತ್ತಿಗೂ ಅಲ್ಲೇ ಚೆನ್ನಾಗಿ ಗೊತ್ತಾಗುವುದು. ಎರಡನೆಯದು ಊರಿನ ವಾಲಂಟಿಯರ್ ಸೆಂಟರ್. ಮೂರನೆಯದು ಕೆನಡಾಹೆಲ್ಪ್ಸ್ ವೆಬ್‌ಸೈಟ್. 2000ದಲ್ಲಿ ಶುರುವಾದ ಇದು ತಾನೇ ಒಂದು ನೋಂದಾಯಿತ ಚಾರಿಟಿ. ಊರು ಮತ್ತು ವಿಷಯ ಕೊಟ್ಟು ಹುಡುಕಬಹುದು, ಅಲ್ಲಿಂದಲೇ ದೇಣಿಗೆ ಕೊಡಬಹುದು. ಅವರು ಒಂದು ಸಣ್ಣ ಪಾಲು ಶುಲ್ಕ ಹಿಡಿದುಕೊಳ್ಳುತ್ತಾರೆ. ಸಂಸ್ಥೆಗೆ ನೇರವಾಗಿ ಕೊಡಲು ದಾರಿ ಇದ್ದರೆ ನೇರವಾಗಿ ಕೊಡಿ. ಆದರೆ ತುಂಬ ಸಣ್ಣ ಸಂಸ್ಥೆಗಳಿಗೆ ಆನ್‌ಲೈನಿನಲ್ಲಿ ದುಡ್ಡು ತೆಗೆದುಕೊಳ್ಳುವ ಬೇರೆ ವ್ಯವಸ್ಥೆಯೇ ಇರುವುದಿಲ್ಲ. ಅವರಿಗೆ ಈ ಶುಲ್ಕ ಹೊರೆ ಅನಿಸುವುದಿಲ್ಲ.

ಎರಡೋ ಮೂರೋ ಹೆಸರು ಸಿಕ್ಕ ಮೇಲೆ ಹೋಗಿ ನೋಡಿ. ಪುಸ್ತಕ ಮಾರಾಟ ಇದ್ದರೆ ಹೋಗಿ, ಗಿಡ ನೆಡುವ ದಿನ ಇದ್ದರೆ ಹೋಗಿ. ವಾರ್ಷಿಕ ಸಭೆಗೆ ಬರಬಹುದಾ ಅಂತ ಕೇಳಿ. ದುಡ್ಡಿನ ಮಾತು ಆಮೇಲೆ.

ಹಂತ 3: ಲೆಕ್ಕ ಓದಿ

ಇದು ಬಹಳ ಜನ ಬಿಟ್ಟುಬಿಡುವ ಹಂತ. ಬಿಡಬೇಡಿ. ಪ್ರತಿ ನೋಂದಾಯಿತ ಚಾರಿಟಿಯೂ ತನ್ನ ಲೆಕ್ಕದ ವರ್ಷ ಮುಗಿದ ಆರು ತಿಂಗಳೊಳಗೆ ಟಿ3010 ಎಂಬ ಫಾರ್ಮ್ ತುಂಬಿ ಸಿಆರ್‌ಎಗೆ ಕೊಡಬೇಕು. ಅದರಲ್ಲಿ ಬಹುಪಾಲು ಎಲ್ಲರೂ ನೋಡುವ ಹಾಗಿರುತ್ತದೆ. ನೋಂದಣಿ ಹುಡುಕಿದ ಅದೇ ಪಟ್ಟಿಯಲ್ಲಿ ಹೆಸರು ಒತ್ತಿದರೆ ಹಿಂದಿನ ಕೆಲವು ವರ್ಷದ ಫಾರ್ಮುಗಳು ತೆರೆದುಕೊಳ್ಳುತ್ತವೆ.

ನಾನು ನೋಡುವುದು ನಾಲ್ಕು ವಿಷಯ. ಒಟ್ಟು ಎಷ್ಟು ಬಂತು, ಎಲ್ಲಿಂದ ಬಂತು. ನಿಜವಾದ ಕೆಲಸಕ್ಕೆ ಎಷ್ಟು ಹೋಯಿತು. ದೇಣಿಗೆ ಎತ್ತುವುದಕ್ಕೇ ಎಷ್ಟು ಖರ್ಚಾಯಿತು. ಬ್ಯಾಂಕಿನಲ್ಲಿ ಎಷ್ಟು ಕೂತಿದೆ. ದೇಣಿಗೆ ಎತ್ತುವ ಖರ್ಚಿಗೆ ಸಿಆರ್‌ಎಯ ಒಂದು ಅಳತೆ ಇದೆ. ಎತ್ತಿದ ದುಡ್ಡಿನಲ್ಲಿ ಶೇ 35ಕ್ಕಿಂತ ಕಡಿಮೆ ಖರ್ಚಾಗಿದ್ದರೆ ಸಾಮಾನ್ಯವಾಗಿ ಪ್ರಶ್ನೆ ಬರುವುದಿಲ್ಲ. ಶೇ 70 ದಾಟಿದರೆ ಸಿಆರ್‌ಎಗೇ ಅನುಮಾನ ಬರುತ್ತದೆ.

ಒಂದು ಮಾತು ಮಾತ್ರ ಹೇಳಲೇಬೇಕು. "ಆಫೀಸ್ ಖರ್ಚು ಜಾಸ್ತಿ, ಇವರು ಸರಿ ಇಲ್ಲ" ಅಂತ ಅವಸರದಲ್ಲಿ ತೀರ್ಮಾನ ಮಾಡಬೇಡಿ. ಇಬ್ಬರೇ ಕೆಲಸಗಾರರಿರುವ ಸಣ್ಣ ಮ್ಯೂಸಿಯಮ್ಮಿನಲ್ಲಿ ಬಾಡಿಗೆ, ಹೀಟಿಂಗ್, ಇನ್ಶೂರೆನ್ಸ್ ಸೇರಿದರೆ ಬಜೆಟ್ಟಿನ ದೊಡ್ಡ ಭಾಗ ಅಲ್ಲೇ ಮುಗಿಯುತ್ತದೆ. ಮಕ್ಕಳಿಗೆ ಪಾಠ ಹೇಳುವ ಸಂಸ್ಥೆಗೆ ಪಾಠ ಹೇಳುವವರ ಸಂಬಳವೇ ಕೆಲಸದ ಖರ್ಚು. ಒಂದು ವರ್ಷದ ಅಂಕಿ ನೋಡಿ ಹೆದರುವ ಬದಲು ಮೂರು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ. ಅರ್ಥವಾಗದ್ದನ್ನು ಅವರನ್ನೇ ಕೇಳಿ. ಉತ್ತರ ಹೇಳುವ ರೀತಿಯಲ್ಲೇ ಅರ್ಧ ತಿಳಿಯುತ್ತದೆ.

ಹಂತ 4: ದುಡ್ಡು ಕೊಡುವ ಬಗೆ

ವರ್ಷಕ್ಕೊಮ್ಮೆ 300 ಕೊಡುವುದಕ್ಕಿಂತ ತಿಂಗಳಿಗೆ 25 ಕೊಡುವುದು ಸಣ್ಣ ಸಂಸ್ಥೆಗೆ ಜಾಸ್ತಿ ಅನುಕೂಲ. ಮುಂದಿನ ಮಾರ್ಚಿನಲ್ಲಿ ಕೈಯಲ್ಲಿ ಎಷ್ಟಿರುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ. ಪಾಠದ ಕ್ಲಾಸ್ ಮುಂದುವರಿಸುವ ಧೈರ್ಯ ಅಲ್ಲಿಂದ ಬರುತ್ತದೆ.

ಕೊಡುವಾಗ ಸಾಧ್ಯವಾದರೆ ಷರತ್ತು ಹಾಕಬೇಡಿ. ಹೊಸ ಬೆಂಚಿಗೆ, ಹೊಸ ಬೋರ್ಡಿಗೆ, ಹೆಸರು ಕೆತ್ತುವ ಕಲ್ಲಿಗೆ ಕೊಡುವವರು ಸಿಗುತ್ತಾರೆ. ಜನವರಿಯ ಹೀಟಿಂಗ್ ಬಿಲ್ಲಿಗೆ, ಸೋರುವ ಸೂರಿಗೆ ಕೊಡುವವರು ಸಿಗುವುದಿಲ್ಲ. "ನಿಮಗೆ ಎಲ್ಲಿ ಬೇಕೋ ಅಲ್ಲಿಗೆ ಬಳಸಿ" ಅಂತ ಒಂದು ಸಾಲು ಬರೆದು ಕೊಟ್ಟರೆ ಅವರಿಗೆ ಎಷ್ಟು ನಿರಾಳ ಆಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ನಿಮ್ಮ ಕಂಪನಿ ನಿಮ್ಮ ದೇಣಿಗೆಗೆ ಸಮನಾಗಿ ತಾನೂ ಕೊಡುತ್ತದಾ ಅಂತ ಎಚ್‌ಆರ್ ಹತ್ತಿರ ವಿಚಾರಿಸಿ. ಬಹಳ ಕಡೆ ಈ ಸೌಲಭ್ಯ ಇರುತ್ತದೆ, ಬಳಸುವವರು ಕಡಿಮೆ. ಕೆಲವು ಕಡೆ ವಾಲಂಟಿಯರ್ ಮಾಡಿದ ಗಂಟೆಗೂ ದುಡ್ಡು ಕೊಡುತ್ತಾರೆ. ಸಂಬಳದಿಂದಲೇ ಹಿಡಿದು ಕೊಡಿಸಿದರೆ ಆ ಮೊತ್ತ ಕಂಪನಿ ವರ್ಷಕ್ಕೊಮ್ಮೆ ಕೊಡುವ ಸಂಬಳದ ಟಿ4 ಚೀಟಿಯ 46ನೇ ಬಾಕ್ಸಿನಲ್ಲಿ ಬರುತ್ತದೆ.

ಬೆಲೆ ಏರಿದ ಷೇರು ಇದ್ದವರಿಗೆ ಒಂದು ವಿಷಯ. ಷೇರು ಮಾರಿ ದುಡ್ಡು ಕೊಡುವ ಬದಲು, ಮಾರುಕಟ್ಟೆಯಲ್ಲಿರುವ ಷೇರನ್ನೇ ಚಾರಿಟಿಗೆ ವರ್ಗಾಯಿಸಿ. ಆಗ ಏರಿದ ಲಾಭದ ಮೇಲೆ ತೆರಿಗೆ ಬೀಳುವುದಿಲ್ಲ, ರಸೀದಿ ಮಾತ್ರ ಇವತ್ತಿನ ಬೆಲೆಗೆ ಸಿಗುತ್ತದೆ. ಸಣ್ಣ ಚಾರಿಟಿಗೆ ಷೇರು ತೆಗೆದುಕೊಳ್ಳುವ ಖಾತೆ ಇಲ್ಲದಿದ್ದರೆ ಕೆನಡಾಹೆಲ್ಪ್ಸ್ ಮೂಲಕ ಕೊಡಬಹುದು.

ಹಂತ 5: ರಸೀದಿ ಮತ್ತು ತೆರಿಗೆ

ತೆರಿಗೆ ಉಳಿಸಲೆಂದೇ ಯಾರೂ ದಾನ ಮಾಡುವುದಿಲ್ಲ. ಆದರೆ ಉಳಿದದ್ದನ್ನು ಮತ್ತೆ ಕೊಡಬಹುದು ಅಲ್ವಾ? ಹಾಗಾಗಿ ಲೆಕ್ಕ ಸರಿಯಾಗಿ ತಿಳಿದಿರಲಿ.

ವರ್ಷದ ಮೊದಲ 200 ಡಾಲರಿಗೆ ಕೇಂದ್ರದ ಕನಿಷ್ಠ ತೆರಿಗೆ ದರದಷ್ಟು ರಿಯಾಯಿತಿ ಸಿಗುತ್ತದೆ. ಈ ದರ ಬಹಳ ವರ್ಷ ಶೇ 15 ಇತ್ತು, 2025ರ ಜುಲೈಯಿಂದ ಶೇ 14ಕ್ಕೆ ಇಳಿದಿದೆ. 200 ದಾಟಿದ ಭಾಗಕ್ಕೆ ಶೇ 29. ಅತಿ ಹೆಚ್ಚು ಆದಾಯದವರಿಗೆ ಶೇ 33ರವರೆಗೂ ಹೋಗುತ್ತದೆ. ಇದರ ಮೇಲೆ ಪ್ರಾಂತದ್ದು ಬೇರೆ. ಒಂಟಾರಿಯೋದಲ್ಲಿ ಮೊದಲ 200ಕ್ಕೆ ಶೇ 5.05, ಅದರ ಮೇಲಿನದಕ್ಕೆ ಶೇ 11.16. ಅಂದರೆ ಒಂಟಾರಿಯೋದವರು ವರ್ಷಕ್ಕೆ 500 ಡಾಲರ್ ಕೊಟ್ಟರೆ ತೆರಿಗೆಯಲ್ಲಿ ಸುಮಾರು 160 ಡಾಲರ್ ಉಳಿಯುತ್ತದೆ.

ಗಂಡ ಹೆಂಡತಿ ಇಬ್ಬರ ರಸೀದಿಯನ್ನೂ ಒಬ್ಬರ ಹೆಸರಲ್ಲೇ ಸೇರಿಸಿ ತೋರಿಸಬಹುದು. ತಲಾ 250 ಕೊಟ್ಟು ಬೇರೆ ಬೇರೆ ತೋರಿಸಿದರೆ "ಮೊದಲ 200"ರ ಕಡಿಮೆ ದರ ಇಬ್ಬರಿಗೂ ಬೀಳುತ್ತದೆ. ಒಟ್ಟಿಗೆ ತೋರಿಸಿದರೆ ಒಂದೇ ಸಲ. ಮೇಲಿನ ಲೆಕ್ಕದಲ್ಲಿ ಇದರಿಂದಲೇ 40 ಡಾಲರಿನಷ್ಟು ವ್ಯತ್ಯಾಸ.

ಇದು ಕಟ್ಟಬೇಕಾದ ತೆರಿಗೆಯನ್ನು ಕಡಿಮೆ ಮಾಡುವ ರಿಯಾಯಿತಿ. ಕಟ್ಟಬೇಕಾದ ತೆರಿಗೆಯೇ ಇಲ್ಲದಿದ್ದರೆ ದುಡ್ಡು ವಾಪಸ್ ಬರುವುದಿಲ್ಲ. ಹೊಸದಾಗಿ ಓದಲು ಬಂದ ಮಕ್ಕಳು ಇಲ್ಲಿ ನಿರಾಸೆಪಡುತ್ತಾರೆ. ರಸೀದಿ ಎಸೆಯಬೇಡಿ, ಮುಂದಿನ ಐದು ವರ್ಷದೊಳಗೆ ಯಾವಾಗ ಬೇಕಾದರೂ ಬಳಸಬಹುದು. ಒಂದು ವರ್ಷದಲ್ಲಿ ಸಾಮಾನ್ಯವಾಗಿ ನಿವ್ವಳ ಆದಾಯದ ಶೇ 75ರವರೆಗಿನ ದೇಣಿಗೆ ತೋರಿಸಬಹುದು. ತೆರಿಗೆಯ ಫಾರ್ಮಿನಲ್ಲಿ ಇದು ಶೆಡ್ಯೂಲ್ 9, ಸಾಲು 34900. ರಸೀದಿಗಳನ್ನು ಆರು ವರ್ಷ ಜೋಪಾನ ಮಾಡಿ.

ಯಾವುದಕ್ಕೆ ರಸೀದಿ ಇಲ್ಲ ಅನ್ನುವುದೂ ಗೊತ್ತಿರಲಿ. ನಿಮ್ಮ ಸಮಯಕ್ಕೆ, ಶ್ರಮಕ್ಕೆ ರಸೀದಿ ಇಲ್ಲ. ಲಾಟರಿಯಂಥ ರ್‍ಯಾಫೆಲ್ ಟಿಕೆಟಿಗೆ ಇಲ್ಲ. ಊಟ ಸಹಿತ ಕಾರ್ಯಕ್ರಮದ 150 ಡಾಲರ್ ಟಿಕೆಟಿನಲ್ಲಿ ಊಟ, ಮನರಂಜನೆಯ ಬೆಲೆ 60 ಆದರೆ ಉಳಿದ 90ಕ್ಕೆ ಮಾತ್ರ ರಸೀದಿ. ಊರಿನ ದೇವಸ್ಥಾನಕ್ಕೋ ನೀವು ಓದಿದ ಹಳ್ಳಿ ಶಾಲೆಗೋ ನೇರವಾಗಿ ಕಳಿಸಿದ ದುಡ್ಡಿಗೆ ಇಲ್ಲಿ ವಿನಾಯಿತಿ ಸಿಗುವುದಿಲ್ಲ. ಅದನ್ನು ಕಳಿಸಬೇಡಿ ಎನ್ನುತ್ತಿಲ್ಲ, ಲೆಕ್ಕ ಬೇರೆ ಇಡಿ ಎನ್ನುತ್ತಿದ್ದೇನೆ.

ಹಂತ 6: ಸಮಯ ಕೊಡುವುದು

ಇನ್ನು ನನಗೆ ತುಂಬ ಇಷ್ಟವಾದ ಭಾಗ.

*ಓದು, ಶಿಕ್ಷಣ.* ಕೆನಡಾದಲ್ಲಿ ಇದಕ್ಕೆ ಒಂದು ದೊಡ್ಡ ಪರಂಪರೆಯೇ ಇದೆ. 1899ರಲ್ಲಿ ಶುರುವಾದ ಫ್ರಾಂಟಿಯರ್ ಕಾಲೇಜು ಮರ ಕಡಿಯುವ, ರೈಲು ಹಳಿ ಹಾಕುವ ಕೆಲಸಗಾರರ ಕ್ಯಾಂಪುಗಳಿಗೆ ಮೇಷ್ಟ್ರುಗಳನ್ನು ಕಳಿಸುತ್ತಿತ್ತು. ಆ ಮೇಷ್ಟ್ರುಗಳು ಹಗಲು ಕೂಲಿಗಳ ಜೊತೆ ತಾವೂ ಕೂಲಿ ಮಾಡಿ, ರಾತ್ರಿ ಅಕ್ಷರ ಕಲಿಸುತ್ತಿದ್ದರು. ಈಗ ಅದರ ಹೆಸರು ಯುನೈಟೆಡ್ ಫಾರ್ ಲಿಟರಸಿ. ಇವತ್ತಿಗೂ ಅವರಿಗೆ ಪಾಠ ಹೇಳಿಕೊಡುವ ವಾಲಂಟಿಯರುಗಳು ಬೇಕು. 2001ರಲ್ಲಿ ಟೊರೊಂಟೊದ ರೀಜೆಂಟ್ ಪಾರ್ಕಿನಲ್ಲಿ ಶುರುವಾದ ಪಾಥ್‌ವೇಸ್ ಟು ಎಜುಕೇಶನ್, ಬಡ ಬಡಾವಣೆಯ ಮಕ್ಕಳು ಹೈಸ್ಕೂಲು ನಡುವೆ ಬಿಡದ ಹಾಗೆ ಜೊತೆ ನಿಲ್ಲುತ್ತದೆ.

ಲೆಕ್ಕ ಚೆನ್ನಾಗಿ ಬರುವ ನಮ್ಮವರು ಎಷ್ಟು ಜನ ಇದ್ದೇವೆ! ವಾರಕ್ಕೆ ಒಂದೂವರೆ ಗಂಟೆ ಹೋಮ್‌ವರ್ಕ್ ಕ್ಲಬ್ಬಿಗೆ ಕೊಡಬಹುದು. ಭಿನ್ನರಾಶಿ ಕಂಡರೆ ಅಳುವ ಏಳನೇ ಕ್ಲಾಸಿನ ಹುಡುಗಿಗೆ ಚಪಾತಿ ತುಂಡು ಮಾಡಿದ ಹಾಗೆ ಕಾಗದ ಕತ್ತರಿಸಿ ತೋರಿಸಿದೆ. ಕಾಲು ಭಾಗ, ಅರ್ಧ ಭಾಗ ಪಕ್ಕಪಕ್ಕ ಇಟ್ಟಳು. ಸ್ವಲ್ಪ ಹೊತ್ತು ಸುಮ್ನೆ ನೋಡಿದಳು. ಆಮೇಲೆ ನಾನು ಕೇಳದೆಯೇ ಮುಂದಿನ ಲೆಕ್ಕ ತಾನೇ ಬರೆದಳು. ಆ ದಿನ ಮನೆಗೆ ಬಸ್ಸಿನಲ್ಲಿ ಬರುವಾಗ ಇದ್ದ ಸಂತೋಷ ಈಗಲೂ ನೆನಪಿದೆ.

ಮಕ್ಕಳ ಜೊತೆ, ವಯಸ್ಸಾದವರ ಜೊತೆ ಕೆಲಸ ಮಾಡಬೇಕಾದರೆ ಪೊಲೀಸ್ ತಪಾಸಣೆ ಕೇಳುತ್ತಾರೆ. ವಲ್ನರಬಲ್ ಸೆಕ್ಟರ್ ಚೆಕ್ ಅಂತ ಅದಕ್ಕೆ ಹೆಸರು. ಸಂಸ್ಥೆಯಿಂದ ಪತ್ರ ತೆಗೆದುಕೊಂಡು ನಿಮ್ಮ ಊರಿನ ಪೊಲೀಸರಿಗೆ ಅರ್ಜಿ ಹಾಕಿ. ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಸೆಪ್ಟೆಂಬರಿನಲ್ಲಿ ಶುರುಮಾಡಬೇಕಾದರೆ ಬೇಸಿಗೆಯಲ್ಲೇ ಅರ್ಜಿ ಕೊಡಿ. ನಮ್ಮನ್ನು ಅನುಮಾನಿಸುತ್ತಾರೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮಕ್ಕಳ ಹತ್ತಿರ ಬರುವವರಿಗೂ ಇದೇ ತಪಾಸಣೆ ಆಗಿರುತ್ತದೆ.

ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಒಂಟಾರಿಯೋದಲ್ಲಿ ಹೈಸ್ಕೂಲು ಮುಗಿಸಲು 40 ಗಂಟೆ ಸಮುದಾಯ ಸೇವೆ ಮಾಡಲೇಬೇಕು. ಹನ್ನೆರಡನೇ ಕ್ಲಾಸಿನ ಕೊನೆಯಲ್ಲಿ ಓಡಾಡುವ ಬದಲು ಒಂಬತ್ತನೇ ಕ್ಲಾಸಿನಿಂದಲೇ ಒಂದು ಕಡೆ ನೆಲೆ ನಿಂತು ಮಾಡಿದರೆ ಮಕ್ಕಳಿಗೆ ಅದರ ರುಚಿ ಹತ್ತುತ್ತದೆ.

*ಸಂಸ್ಕೃತಿ.* ನಮ್ಮ ರಾಜ್ಯೋತ್ಸವ, ಯುಗಾದಿ ನಾವು ಮಾಡಿಯೇ ಮಾಡುತ್ತೇವೆ. ಊರಿನ ಮ್ಯೂಸಿಯಂ, ಇತಿಹಾಸ ಸಂಘ, ಸಣ್ಣ ನಾಟಕ ತಂಡಗಳ ಕಡೆ ತಿರುಗಿ ನೋಡುವುದು ಕಡಿಮೆ. ಬ್ರಾಂಪ್ಟನ್ನಿನಲ್ಲಿ ಹಳೆಯ ಕೋರ್ಟು ಮತ್ತು ಜೈಲಿನ ಕಟ್ಟಡದಲ್ಲೇ ಕಲೆ, ಮ್ಯೂಸಿಯಂ, ದಾಖಲೆಗಳ ಕೇಂದ್ರ ಇದೆ. ಪಕ್ಕದಲ್ಲೇ ಹತ್ತು ವರ್ಷ ಇದ್ದು ಒಳಗೆ ಕಾಲಿಡದ ಕನ್ನಡಿಗರನ್ನು ನಾನು ಬಲ್ಲೆ. ಮೊದಲು ಸುಮ್ನೆ ಹೋಗಿ ನೋಡಿ ಬನ್ನಿ. ಆಮೇಲೆ ಸದಸ್ಯರಾಗಿ.

ಬ್ರಾಂಟ್‌ಫರ್ಡಿನ ವುಡ್‌ಲ್ಯಾಂಡ್ ಕಲ್ಚರಲ್ ಸೆಂಟರಿಗೆ ಒಂದು ಸಲ ಹೋಗಲೇಬೇಕು. ಅಲ್ಲಿಯೇ ಮೊಹಾಕ್ ಇನ್‌ಸ್ಟಿಟ್ಯೂಟ್ ಎಂಬ ವಸತಿ ಶಾಲೆ ಇತ್ತು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ, ಭಾಷೆಯಿಂದ ಬೇರೆ ಮಾಡಿ ಇಟ್ಟ ಆ ಶಾಲೆ 1970ರವರೆಗೂ ನಡೆಯಿತು. ಕಟ್ಟಡವನ್ನು ಕೆಡವಬೇಕೋ ಉಳಿಸಬೇಕೋ ಎಂಬ ಪ್ರಶ್ನೆ ಬಂದಾಗ, ಸಾಕ್ಷಿಯಾಗಿ ಉಳಿಸಬೇಕು ಅಂತ ಸಮುದಾಯವೇ ನಿರ್ಧರಿಸಿತು. ಅದಕ್ಕಾಗಿ ದೇಣಿಗೆ ಎತ್ತಿತು. ತಾಯ್ನುಡಿಯನ್ನು ಮಕ್ಕಳಿಗೆ ದಾಟಿಸಲು ಒದ್ದಾಡುವ ನಮಗೆ, ಅದನ್ನು ಆಡಿದ್ದಕ್ಕೇ ಶಿಕ್ಷೆ ಉಂಡ ಮಕ್ಕಳ ಕಥೆ ನೇರವಾಗಿ ಎದೆಗೆ ತಾಗುತ್ತದೆ.

ನಮ್ಮ ಕಡೆಯಿಂದ ಕೊಡಬಹುದಾದ ಇನ್ನೊಂದು ಕಾಣಿಕೆ ಅಂದರೆ ನಮ್ಮ ಹಿರಿಯರ ಕಥೆಗಳು. ಅರವತ್ತು, ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದವರ ಮಾತು, ಫೋಟೋ, ಸಂಘದ ಹಳೆಯ ಕರಪತ್ರಗಳು ಊರಿನ ದಾಖಲೆ ಕೇಂದ್ರದಲ್ಲಿ ಇರಬೇಕಾದವು. 1976ರಲ್ಲಿ ಹುಟ್ಟಿದ ಮಲ್ಟಿಕಲ್ಚರಲ್ ಹಿಸ್ಟರಿ ಸೊಸೈಟಿ ಆಫ್ ಒಂಟಾರಿಯೋ ಹೀಗೆ ವಲಸಿಗರ ಮಾತುಗಳನ್ನು ಟೇಪಿನಲ್ಲಿ ಕೂಡಿಟ್ಟಿತು. ಆದರೆ ಪೆಟ್ಟಿಗೆ ಹೊತ್ತುಕೊಂಡು ನೇರವಾಗಿ ಹೋಗಬೇಡಿ. ಏನು ತೆಗೆದುಕೊಳ್ಳುತ್ತಾರೆ, ಏನು ಇಲ್ಲ ಅನ್ನಲು ಪ್ರತಿ ಕೇಂದ್ರಕ್ಕೂ ನಿಯಮ ಇದೆ. ಮೊದಲು ಪತ್ರ ಬರೆದು ಕೇಳಿ. ಫೋಟೋದ ಹಿಂದೆ ಯಾರು, ಎಲ್ಲಿ, ಯಾವ ವರ್ಷ ಅಂತ ಬರೆದಿಡಿ. ಹೆಸರಿಲ್ಲದ ಫೋಟೋ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಕನ್ನಡ ತರಗತಿ ಬೇಕೆನ್ನುವವರಿಗೆ ಒಂದು ಮಾತು. ಒಂಟಾರಿಯೋದ ಶಾಲಾ ಮಂಡಳಿಗಳಲ್ಲಿ 25 ಮಕ್ಕಳ ಪೋಷಕರು ಸೇರಿ ಲಿಖಿತವಾಗಿ ಕೇಳಿದರೆ ಆ ಭಾಷೆಯ ತರಗತಿ ನಡೆಸುವ ನಿಯಮ ಇದೆ. ಸಂಘದವರು ಸಹಿ ಸಂಗ್ರಹಿಸುವಾಗ ಕೈ ಜೋಡಿಸಿ.

*ಪರಿಸರ.* ಬಂಡೀಪುರದ ಕಾಡಿನಲ್ಲಿ ಲಾಂಟಾನ ಹೇಗೆ ಹುಲ್ಲನ್ನೆಲ್ಲ ನುಂಗಿಹಾಕಿದೆ ಅಂತ ನೀವು ನೋಡಿರಬಹುದು. ಇಲ್ಲಿನ ಕಾಡಿನಲ್ಲಿ ಆ ಕೆಲಸ ಮಾಡುತ್ತಿರುವುದು ಗಾರ್ಲಿಕ್ ಮಸ್ಟರ್ಡ್ ಎಂಬ ಗಿಡ. ಅಡುಗೆಗೆ, ಔಷಧಿಗೆ ಅಂತ ಯುರೋಪಿನವರು ತಂದದ್ದು. ಎಲೆ ಕೈಯಲ್ಲಿ ಹೊಸಕಿದರೆ ಬೆಳ್ಳುಳ್ಳಿ ವಾಸನೆ. ಮೊದಲ ವರ್ಷ ನೆಲಕ್ಕೆ ಅಂಟಿಕೊಂಡಿರುತ್ತದೆ. ಎರಡನೇ ವರ್ಷ ಮೇ ತಿಂಗಳಲ್ಲಿ ಎತ್ತರಕ್ಕೆ ಎದ್ದು ನಾಲ್ಕು ಎಸಳಿನ ಬಿಳಿ ಹೂ ಬಿಡುತ್ತದೆ. ಬೀಜ ಕಟ್ಟಿತೋ, ಒಂದೊಂದು ಗಿಡದಿಂದ ನೂರಾರು, ಕೆಲವೊಮ್ಮೆ ಸಾವಿರಾರು ಬೀಜ ಉದುರುತ್ತವೆ. ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತವೆ. ಹಾಗಾಗಿ ಹೂ ಬೀಜವಾಗುವ ಮೊದಲೇ ಕೀಳಬೇಕು.

ಕೀಳುವುದಕ್ಕೂ ಒಂದು ಕ್ರಮ ಇದೆ. ಮಳೆ ಬಂದ ಮಾರನೇ ದಿನ ಮಣ್ಣು ಮೆತ್ತಗಿರುವಾಗ ಹೋಗಬೇಕು. ಕಾಂಡದ ಮಧ್ಯ ಹಿಡಿದರೆ ಮುರಿದು ಕೈಗೆ ಬರುತ್ತದೆ, ಬೇರು ಒಳಗೇ ಉಳಿಯುತ್ತದೆ. ಬುಡದ ಹತ್ತಿರ, ಮಣ್ಣಿಗೆ ತಾಗಿದ ಹಾಗೆ ಹಿಡಿದು ನಿಧಾನಕ್ಕೆ ಎಳೆಯಿರಿ. ಬುಡದಲ್ಲಿ ಬಳುಕಿದ ಬಿಳಿ ಬೇರು ಪೂರ್ತಿ ಬಂದರೆ ಸರಿ. ಕಿತ್ತದ್ದನ್ನು ಅಲ್ಲೇ ಬಿಸಾಡುವ ಹಾಗಿಲ್ಲ, ಹೂವಿನಲ್ಲೇ ಬೀಜ ಬಲಿಯುತ್ತದೆ. ಚೀಲದಲ್ಲಿ ತುಂಬಿ ಕಟ್ಟಬೇಕು, ಮನೆಯ ಕಾಂಪೋಸ್ಟಿಗೆ ಹಾಕಬಾರದು. ಎರಡು ಗಂಟೆ ಕೂತು ಎದ್ದು ಮಾಡಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಒಂಟಾರಿಯೋದ ಹೂವಾದ ಬಿಳಿ ಟ್ರಿಲಿಯಂ ಬೀಜದಿಂದ ಹೂ ಬಿಡಲು ಏಳು ವರ್ಷವೋ ಇನ್ನೂ ಜಾಸ್ತಿಯೋ ಬೇಕು. ಅದಕ್ಕೆ ಉಸಿರಾಡಲು ಜಾಗ ಮಾಡಿಕೊಡುವುದು ಈ ಕೆಲಸ.

ನೀವಾಗಿಯೇ ಪಾರ್ಕಿಗೆ ಹೋಗಿ ಕೀಳಬೇಡಿ. ಅನುಮತಿ ಬೇಕು, ಗುರುತು ಹಿಡಿಯುವುದೂ ಕಲಿಯಬೇಕು. ಟೊರೊಂಟೊದ ಹೈ ಪಾರ್ಕಿನಲ್ಲಿ ಅಪರೂಪದ ಕಪ್ಪು ಓಕ್ ಮರಗಳ ಹುಲ್ಲುಗಾವಲನ್ನು ವಾಲಂಟಿಯರುಗಳು ಹೀಗೇ ಕಾಪಾಡುತ್ತಿದ್ದಾರೆ, ಅಂಥ ತಂಡ ಸೇರಿ. ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿಕೊಳ್ಳಿ, ಮನೆಗೆ ಬಂದ ಮೇಲೆ ರಕ್ತ ಹೀರುವ ಉಣ್ಣಿ (ಟಿಕ್) ಹತ್ತಿದೆಯಾ ಅಂತ ಮೈ ನೋಡಿಕೊಳ್ಳಿ. ಕಪ್ಪು ಕಾಲಿನ ಉಣ್ಣಿಯಿಂದ ಲೈಮ್ ಕಾಯಿಲೆ ಬರುತ್ತದೆ. ಮುಟ್ಟಿದರೆ ಮೈ ತುರಿಸುವ ಮೂರು ಎಲೆಯ ಪಾಯಿಸನ್ ಐವಿ ಗಿಡವನ್ನು ಮೊದಲ ದಿನವೇ ಗುರುತು ಹಿಡಿಯಲು ಕಲಿಯಿರಿ.

ಬಗ್ಗಲು ಆಗದವರಿಗೂ ಕೆಲಸ ಇದೆ. ನಯಾಗರದಿಂದ ಟೋಬರ್‌ಮೋರಿವರೆಗೆ ಸುಮಾರು 900 ಕಿಲೋಮೀಟರ್ ಸಾಗುವ ಬ್ರೂಸ್ ಟ್ರೇಲ್ ಎಂಬ ಕಾಲುದಾರಿ 1967ರಿಂದ ವಾಲಂಟಿಯರುಗಳ ಕೈಯಲ್ಲೇ ನಡೆಯುತ್ತಿದೆ. ಮರದ ಮೇಲಿನ ಬಿಳಿ ಗುರುತಿಗೆ ಬಣ್ಣ ಬಳಿಯುವವರೂ ಅಲ್ಲಿ ಬೇಕು. ದಡದ ಕಸ ಎತ್ತುವ ಶೋರ್‌ಲೈನ್ ಕ್ಲೀನಪ್ 1994ರಲ್ಲಿ ವ್ಯಾಂಕೂವರಿನಲ್ಲಿ ಕೆಲವೇ ಜನರಿಂದ ಶುರುವಾಗಿ ದೇಶಕ್ಕೆಲ್ಲ ಹಬ್ಬಿತು. ಟೊರೊಂಟೊದ ನಾಟ್ ಫಾರ್ ಫ್ರಂ ದ ಟ್ರೀ ಎಂಬ ಸಂಸ್ಥೆಯ ಕ್ರಮ ನನಗೆ ಬಹಳ ಹಿಡಿಸಿತು. ಹಿತ್ತಲ ಮರದ ಹಣ್ಣು ಕಿತ್ತು ಮೂರು ಪಾಲು ಮಾಡುವುದು: ಮನೆಯವರಿಗೆ ಒಂದು, ಕಿತ್ತವರಿಗೆ ಒಂದು, ಹಸಿದವರಿಗೆ ಊಟ ಕೊಡುವ ಸಂಸ್ಥೆಗಳಿಗೆ ಒಂದು.

ಹಂತ 7: ನಿಮ್ಮ ಕಸುಬನ್ನೇ ಕೊಡಿ

ಸಣ್ಣ ಚಾರಿಟಿಗೆ ಅಕೌಂಟ್ಸ್ ಗೊತ್ತಿರುವ ಖಜಾಂಚಿ ಸಿಕ್ಕರೆ ಅದು ದೊಡ್ಡ ಆಸ್ತಿ. ಟಿ3010 ತುಂಬದೇ ಬಿಟ್ಟು ನೋಂದಣಿಯನ್ನೇ ಕಳೆದುಕೊಂಡ ಚಾರಿಟಿಗಳಿವೆ. ವೆಬ್‌ಸೈಟ್ ಸರಿಮಾಡುವವರು, ಗ್ರಾಂಟ್ ಅರ್ಜಿ ಬರೆಯುವವರು, ಹಳೆಯ ಕಂಪ್ಯೂಟರ್ ರಿಪೇರಿ ಮಾಡುವವರು ಎಲ್ಲರೂ ಬೇಕು. ಬೋರ್ಡಿಗೆ ಸೇರಲು ಕರೆದರೆ ತಕ್ಷಣ ಒಪ್ಪಬೇಡಿ. ಹಿಂದಿನ ಸಭೆಗಳ ಟಿಪ್ಪಣಿ ಓದಿ, ನಿರ್ದೇಶಕರಿಗೆ ಇನ್ಶೂರೆನ್ಸ್ ಇದೆಯಾ ಕೇಳಿ. ಬೋರ್ಡ್ ಸದಸ್ಯರಿಗೆ ಕಾನೂನಿನ ಹೊಣೆ ಇರುತ್ತದೆ.

ಹಂತ 8: ದತ್ತಿ ಇಡುವುದು

ಶಾಲೆಯಲ್ಲಿ, ಸಾಹಿತ್ಯ ಪರಿಷತ್ತಿನಲ್ಲಿ ಅಪ್ಪ ಅಮ್ಮನ ಹೆಸರಲ್ಲಿ ದತ್ತಿ ಇಡುವುದು ನಮಗೆ ಗೊತ್ತಿರುವ ಪದ್ಧತಿ. ಅಸಲು ಮುಟ್ಟುವುದಿಲ್ಲ, ಬಡ್ಡಿಯಲ್ಲಿ ಬಹುಮಾನ. ಕೆನಡಾದಲ್ಲಿ ಇದನ್ನೇ ಊರಿನ ಮಟ್ಟದಲ್ಲಿ ಮಾಡುವುದು ಕಮ್ಯುನಿಟಿ ಫೌಂಡೇಶನ್‌ಗಳು. ಇಂಥವು ದೇಶದಲ್ಲಿ ಸುಮಾರು 200 ಇವೆ. ಮೊದಲನೆಯದು ವಿನ್ನಿಪೆಗ್ ಫೌಂಡೇಶನ್. 1921ರಲ್ಲಿ ವಿಲಿಯಂ ಆಲೊವೇ ಎಂಬ ಬ್ಯಾಂಕರ್ ಒಂದು ಲಕ್ಷ ಡಾಲರ್ ಇಟ್ಟು ಶುರುಮಾಡಿದರು. ಮೂರು ವರ್ಷದ ಮೇಲೆ ಒಂದು ಲಕೋಟೆ ಬಂತು. ಒಳಗೆ ಐದು ಡಾಲರಿನ ಮೂರು ಚಿನ್ನದ ನಾಣ್ಯ. ಕೊಟ್ಟ ವಿಧವೆ ಹೆಸರು ಬರೆದಿರಲಿಲ್ಲ. ಆ ಫೌಂಡೇಶನ್ ಲಕ್ಷದ ಜೊತೆಗೆ ಆ 15 ಡಾಲರನ್ನೂ ಇವತ್ತಿಗೂ ನೆನೆಯುತ್ತದೆ. ಅದರ ನಿಧಿ ಈಗ ನೂರು ಕೋಟಿ ಡಾಲರ್ ದಾಟಿದೆ. ವ್ಯಾಂಕೂವರ್ ಫೌಂಡೇಶನ್ ಹುಟ್ಟಿದ್ದು 1943ರಲ್ಲಿ. ಅದರ ಹಿಂದೆಯೂ ಆಲಿಸ್ ಮೆಕೇ ಎಂಬ ಸೆಕ್ರೆಟರಿ ತನ್ನ ಸಂಬಳದಲ್ಲಿ ಉಳಿಸಿದ ಸಾವಿರ ಡಾಲರ್ ಇತ್ತು.

ನಿಮ್ಮದೇ ಹೆಸರಿನ ನಿಧಿಗೆ ಕನಿಷ್ಠ ಮೊತ್ತ ಎಷ್ಟು ಅಂತ ನಿಮ್ಮ ಊರಿನ ಫೌಂಡೇಶನ್ನಿನಲ್ಲೇ ಕೇಳಿ. ಅಷ್ಟು ಇಲ್ಲದಿದ್ದರೆ ಇರುವ ನಿಧಿಗೇ ಸೇರಿಸಬಹುದು. ನಾಲ್ಕು ಮನೆಯವರು ಸೇರಿ ಇಡಬಹುದು. ಉಯಿಲಿನಲ್ಲಿ ಬರೆಯುವುದಾದರೆ ಚಾರಿಟಿಯ ಕಾನೂನಿನ ಪೂರ್ತಿ ಹೆಸರು, ನೋಂದಣಿ ನಂಬರ್ ಎರಡನ್ನೂ ಬರೆಸಿ. ಒಂದೇ ಥರದ ಹೆಸರಿನ ಸಂಸ್ಥೆಗಳು ಬಹಳ ಇವೆ.

ಬಿಡಬೇಕಾಗಿ ಬಂದಾಗ

ಕೆಲಸ ಬದಲಾಗುತ್ತದೆ, ಊರು ಬದಲಾಗುತ್ತದೆ. ಹೇಳದೆ ನಿಲ್ಲಿಸಬೇಡಿ. ತಿಂಗಳ ದೇಣಿಗೆ ನಿಲ್ಲಿಸುವುದಾದರೆ ಎರಡು ತಿಂಗಳು ಮೊದಲೇ ತಿಳಿಸಿ. ಹೊಸ ವಿಳಾಸ ಕೊಡಿ, ಇಲ್ಲದಿದ್ದರೆ ಫೆಬ್ರವರಿಯಲ್ಲಿ ರಸೀದಿ ಹಳೇ ಮನೆಗೆ ಹೋಗುತ್ತದೆ. ಪಾಠ ಹೇಳಿಕೊಡುತ್ತಿದ್ದರೆ ಆ ಮಗುವಿಗೆ ನೀವೇ ಹೇಳಿ, ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ. ಸಾಧ್ಯವಾದರೆ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ನಾನು ಮನೆ ಬದಲಿಸಿದಾಗ ಪಕ್ಕದ ಮನೆಯವರನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ, ಯಾವ ಮರದಿಂದ ಯಾವ ಮರದವರೆಗೆ ಕಿತ್ತಾಗಿದೆ ಅಂತ ತೋರಿಸಿ, ಕೈಗವಸನ್ನು ಅವರ ಕೈಗೇ ಕೊಟ್ಟು ಬಂದೆ.